ಬೆಕ್ಕು ಬಿಟ್ಟುಹೋದ ಕೋಣೆ

ಸಾಹಿತ್ಯ ಪಾಠ ಮಾಡುವವರಿಗೆ ಒಂದು ರೋಗ ಇರುತ್ತದೆ. ಕಂಡದ್ದನ್ನು ಕಂಡ ಹಾಗೆ ಬಿಡುವುದಿಲ್ಲ. ಕಥೆಯಲ್ಲಿ ಬೆಕ್ಕು ಬಂದರೆ ಅದು ಬೆಕ್ಕಲ್ಲ, ಮಳೆ ಬಂದರೆ ಅದು ಮಳೆಯಲ್ಲ, ಮನೆಯಂತೂ ಬರೀ ಮನೆಯಾಗಿರಲು ಸಾಧ್ಯವೇ ಇಲ್ಲ. ಚಿತ್ತಾಪುರದ ಕಾಲೇಜಿನಲ್ಲಿ ಕನ್ನಡ ಹೇಳಿಕೊಡುತ್ತ ನನಗೆ ಈ ರೋಗ ಹತ್ತಿ ಹದಿನೆಂಟು ವರ್ಷವಾಯಿತು. ಬೆಕ್ಕು ಅಂದರೆ ನಿಗೂಢತೆ, ಯಾರಿಗೂ ಪಳಗದ ಹೆಣ್ಣಿನ ಮನಸ್ಸು. ಮಳೆ ಅಂದರೆ ವಿರಹ, ದುಃಖ. ಮನೆ ಅಂದರೆ ಅಂತರಂಗ. ಇದನ್ನು ನಾನು ಬೋರ್ಡಿನ ಮೇಲೆ ಬರೆಯುತ್ತೇನೆ, ಮಕ್ಕಳು ಬರೆದುಕೊಳ್ಳುತ್ತಾರೆ, ಪರೀಕ್ಷೆಯಲ್ಲಿ ಅದನ್ನೇ ಕಕ್ಕುತ್ತಾರೆ, ನಾನು ಅಂಕ ಕೊಡುತ್ತೇನೆ. ಎಲ್ಲರೂ ಸುಖವಾಗಿರುತ್ತೇವೆ.

ಎರಡು ವರ್ಷದ ಹಿಂದೆ ಶ್ರಾವಣದಲ್ಲಿ ಮಳೆ ಹಿಡಿದುಕೊಂಡಿತು. ನಮ್ಮ ಕಡೆ ಮಳೆ ಬಂದು ಬಡಿದು ಹೋಗುತ್ತದೆ. ಹೀಗೆ ಐದಾರು ದಿನ ಜಿಟಿಜಿಟಿ ಹಿಡಿದು ಕೂರುವುದು ಅಪರೂಪ. ಹಳ್ಳಿಗಳ ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಕ್ಲಾಸಿನಲ್ಲಿ ಹದಿನೈದು ಮಂದಿಯೂ ಇರಲಿಲ್ಲ. ಹೊಸ ಪಾಠ ತೆಗೆಯಲು ನನಗೂ ಮನಸ್ಸಿರಲಿಲ್ಲವಾಗಿ, ನಿಮ್ಮ ಮನೆಯ ಬಗ್ಗೆ ಒಂದು ಪುಟ ಬರೆಯಿರಿ, ಮಳೆ ಬರಲಿ, ಸಾಧ್ಯವಾದರೆ ಬೆಕ್ಕೂ ಬರಲಿ ಎಂದೆ. ಎಲ್ಲರೂ ಮುಸಿಮುಸಿ ನಗುತ್ತ ಬರೆಯತೊಡಗಿದರು.

ದಂಡೋತಿ ಕಡೆಯ ಹಳ್ಳಿಯಿಂದ ಬರುವ ಒಬ್ಬ ಹುಡುಗಿ ಇದ್ದಳು. ಬಾಯಿ ಬಿಡುವುದೇ ಅಪರೂಪ. ಅವಳು ಮೊದಲು ಬರೆದು ಕೊಟ್ಟಳು. ಐದೇ ಸಾಲು.

"ನಮ್ಮ ಬೆಕ್ಕು ಒಳಗಿನ ಕೋಣೆಯಲ್ಲಿ ಮೂರು ಮರಿ ಹಾಕಿತ್ತು. ಮೊನ್ನೆ ಒಂದೊಂದೇ ಮರಿಯನ್ನು ಬಾಯಲ್ಲಿ ಹಿಡಿದು ಮಳೆಯಲ್ಲೇ ಎದುರು ಮನೆಗೆ ಹೋಯಿತು. ಮಾಳಿಗೆಯ ತೊಲೆ ಮಾತಾಡುತ್ತಿದೆ. ಅಕ್ಕ ಕೂಸನ್ನು ಅವಚಿಕೊಂಡು ಅದರ ಕೆಳಗೇ ಮಲಗುತ್ತಾಳೆ. ಬೆಕ್ಕಿಗೆ ಹೋಗಲು ಯಾರ ಅಪ್ಪಣೆಯೂ ಬೇಕಿಲ್ಲ."

ಅಯ್ಯೋ, ಆಗಿನ ನನ್ನ ಸಂಭ್ರಮವೇ! ಹದಿನಾರು ವರ್ಷದಲ್ಲಿ ಒಬ್ಬಳಾದರೂ ಸಿಕ್ಕಳಲ್ಲ ಅಂದುಕೊಂಡೆ. ಅಲ್ಲೇ ಕೆಂಪು ಪೆನ್ನಿನಿಂದ "ಅದ್ಭುತ ಸಂಕೇತಗಳು" ಎಂದು ಬರೆದು, ಇಡೀ ಕ್ಲಾಸಿಗೆ ಓದಿ ಹೇಳಿದೆ. ನೋಡಿರಿ, ಬೆಕ್ಕು ಇಲ್ಲಿ ಹೆಣ್ಣಿನ ಬಿಡುಗಡೆ, ಮಾತಾಡುವ ತೊಲೆ ಅಂದರೆ ಹಿರಿಯರ ಕಾಲದ ಕಟ್ಟುಪಾಡು, ನಿಲ್ಲದ ಮಳೆ ಅಂದರೆ ಹೇಳಲಾರದ ಅಳು. ಹೀಗೆ ನಾನು ಹತ್ತು ನಿಮಿಷ ಮಾತಾಡಿದ ಮೇಲೆ ಹುಡುಗಿ ಎದ್ದು ನಿಂತಳು.

"ಮೇಡಂ, ತೊಲಿ ಖರೇನೇ ಸೀಳ್ಯಾದ್ರಿ."

"ಹಾಂ?"

"ನಮ್ಮಕ್ಕ ಬಾಣಂತಿ ಅದಾಳ್ರಿ. ಹದಿನಾಲ್ಕು ದಿನದ ಕೂಸು. ತೊಲಿ ಅವರ ನೆತ್ತಿ ಮ್ಯಾಲೇ ಅದ. ಅವ್ವ ಹೊರಗ ಬಿಡವಲ್ಲಳ್ರಿ."

ನನ್ನ ಕೆನ್ನೆ ಬಿಸಿಯಾಯಿತು. ನಾಚಿಕೆಯಾದಾಗ ನನಗೆ ಬರುವುದು ಸಿಟ್ಟು. "ಮತ್ತ ಇಷ್ಟು ದಿನ ಬಾಯಿಬಿಟ್ಟು ಹೇಳಬಾರದೇನವ್ವಾ?" ಎಂದು ಅವಳ ಮೇಲೇ ಹಾರಿದೆ.

"ಮನಿ ಬಗ್ಗೆ ಬರೀರಿ ಅಂದ್ರಿ. ಬರದೀನ್ರಿ," ಅಂದಳು.

ಮಧ್ಯಾಹ್ನದ ಬಸ್ಸಿಗೆ ಅವಳ ಜೊತೆ ಹೊರಟೆ. ನಾನು ಶಹಾಬಾದದಲ್ಲಿ, ಗೋಡೆ, ನೆಲ, ಸೂರು ಎಲ್ಲವೂ ಹಾಸುಗಲ್ಲಾದ ಮನೆಯಲ್ಲಿ ಬೆಳೆದವಳು. ಬೇಸಿಗೆಯಲ್ಲಿ ಬೆಂದಿದ್ದೇವೆ, ಆದರೆ ಸೂರು ಬೀಳಬಹುದು ಎಂಬ ಯೋಚನೆ ಒಂದು ದಿನವೂ ತಲೆಗೆ ಬಂದದ್ದಿಲ್ಲ. ಅವರದು ಮಣ್ಣಿನ ಮಾಳಿಗೆ. ಕಟ್ಟಿಗೆಯ ತೊಲೆ, ಅದರ ಮೇಲೆ ಜಂತಿ, ಅದರ ಮೇಲೆ ಮಣ್ಣು. ಮಳೆಗಾಲಕ್ಕೆ ಮೊದಲು ಸೋರದಿರಲಿ ಎಂದು ಪ್ರತಿ ವರ್ಷ ಹೊಸ ಮಣ್ಣು ಹಾಕಿ ತುಳಿಯುತ್ತಾರೆ. ಹಾಕುವುದಷ್ಟೇ, ಹಳೆಯ ಮಣ್ಣನ್ನು ಯಾರೂ ತೆಗೆಯುವುದಿಲ್ಲ. ಅಜ್ಜ ಹಾಕಿದ ಮಣ್ಣಿನ ಮೇಲೆ ಅಪ್ಪ, ಅಪ್ಪ ಹಾಕಿದ್ದರ ಮೇಲೆ ಮಗ. ಮನೆ ಉಳಿಸಿಕೊಳ್ಳಲು ಹೊತ್ತು ಹಾಕಿದ ಆ ಮಣ್ಣೇ ಈಗ ಐದು ದಿನದ ಮಳೆ ಕುಡಿದು ತೊಲೆಯ ಮೇಲೆ ಕೂತಿತ್ತು.

ಒಳಗಿನ ಕೋಣೆಯಲ್ಲಿ ಬಾಣಂತಿ ಕಿವಿಗೆ ಹತ್ತಿ ಇಟ್ಟುಕೊಂಡು, ತಲೆಗೆ ಬಿಗಿಯಾಗಿ ಬಟ್ಟೆ ಕಟ್ಟಿಕೊಂಡು ಹೊರಸಿನ ಮೇಲೆ ಮಲಗಿದ್ದಳು. ಹೊರಸಿನ ಕೆಳಗೆ ಕೆಂಡದ ಬುಟ್ಟಿ. ಮೇಲೆ ತೊಲೆಯ ಸೀಳಿನಲ್ಲಿ ನನ್ನ ಬೆರಳು ಹೋಗುವಷ್ಟು ಜಾಗವಿತ್ತು. ಹುಡುಗಿಯ ಅಪ್ಪ ಮಳಖೇಡಕ್ಕೆ ಸಿಮೆಂಟ್ ಕಾರ್ಖಾನೆಯ ಕೆಲಸಕ್ಕೆ ಹೋಗುವ ಮುಂಚೆ ಒಂದು ಕಟ್ಟಿಗೆಯ ಆಸರೆ ನಿಲ್ಲಿಸಿದ್ದರು. ಕೂಸಿನ ಹೊದಿಕೆಯ ಮೇಲೆ ಮಣ್ಣಿನ ಪುಡಿ ಬಿದ್ದಿತ್ತು. ಹುಡುಗಿ ಅದನ್ನು ಅಂಗೈಯಿಂದ ಒರೆಸಿ ತೆಗೆದಳು.

"ಬರ್ರಿ ಅಕ್ಕೋರೆ, ಕುಂದ್ರಿ. ಚಾ ಮಾಡ್ತೀನಿ," ಅಂದಳು ಹುಡುಗಿಯ ತಾಯಿ. ನಾನು ಚಹಾ ಗಿಹಾ ಅನ್ನದೆ ನೇರ ವಿಷಯಕ್ಕೆ ಬಂದೆ. ಎದುರು ಮನೆಯದು ಗಟ್ಟಿ ಆರ್‌ಸಿಸಿ ಕೋಣೆ, ಹತ್ತು ಹೆಜ್ಜೆ ದೂರ, ಅವರೂ ಬರ್ರಿ ಅಂತ ಕರೆಯುತ್ತಿದ್ದಾರೆ, ಮತ್ತೇನು?

"ತೊಟ್ಟಿಲಿಗೆ ಇನ್ನ ಏಳು ದಿನ ಅದ್ರಿ. ಅಲ್ಲೀ ತನಕ ಬಾಣಂತಿ ಹೊಸ್ತಿಲ ದಾಟಬಾರದು. ಮಳ್ಯಾಗ ತಂಡಿ ಹತ್ತಿದ್ರ ಯಾರು ನೋಡೋರು?"

"ಬೆಕ್ಕೇ ತನ್ನ ಮರಿ ಒಯ್ದಾದಲ್ಲ ಯವ್ವಾ!" ಅಂದೆ ನಾನು.

"ಬೆಕ್ಕು ಮರಿಗೋಳಿಗೆ ಏಳು ಮನಿ ತಿರುಗಸ್ತದ್ರಿ. ಅದು ಅದರ ಪದ್ಧತಿ. ಅದಕ್ಕ ಬ್ಯಾರೆ ಅರ್ಥ ಹಚ್ಚಬ್ಯಾಡ್ರಿ."

ಬೇರೆ ಅರ್ಥ ಹಚ್ಚುವುದೇ ನನ್ನ ಹೊಟ್ಟೆಪಾಡು ಎಂದು ಆಕೆಗೆ ಹೇಗೆ ಹೇಳಲಿ? ನನ್ನ ಸಿಟ್ಟು ನೆತ್ತಿಗೇರಿತು. "ತಂಡಿ ಹತ್ತಿದ್ರ ಕಷಾಯ ಕುಡಸ್ತಿ. ಮಾಳಿಗಿ ಬಿದ್ರ ಏನು ಕುಡಸ್ತಿ?" ಅಂದುಬಿಟ್ಟೆ. ಆಕೆ ಒಲೆಯ ಕಡೆ ತಿರುಗಿ ಕೂತಳು. ಬಾಣಂತಿ ಗೋಡೆಯ ಕಡೆ ಮುಖ ಮಾಡಿಕೊಂಡು ಅಳತೊಡಗಿದಳು. ಕೆಲಸ ಕೆಡಿಸಿದೆ ಎಂದು ನನಗೆ ಗೊತ್ತಾಯಿತು.

ಆಗ ನಾನೊಂದು ಸುಳ್ಳು ಹೇಳಿದೆ. ಮೂಢನಂಬಿಕೆಯ ಮೇಲೆ ವರ್ಷಕ್ಕೊಂದು ಭಾಷಣ ಮಾಡುವವಳು ನಾನು.

"ನಮ್ಮ ಶಹಾಬಾದದ ಕಡೆ ಬ್ಯಾರೇ ಪದ್ಧತಿ ಅದ ನೋಡು ಯವ್ವಾ," ಅಂದೆ. "ಬಾಣಂತಿ ಕೋಣ್ಯಾಗಿಂದ ಬೆಕ್ಕು ಮರಿ ಒಯ್ದ್ರ, ಮೂರು ದಿನದಾಗ ಬಾಣಂತೀನೂ ಅದೇ ಮನಿಗೆ ಹೋಗಬೇಕು. ತಾಯಿ ಹಿಂದ ತಾಯಿ. ಇಲ್ಲಂದ್ರ ಕೂಸಿಗೆ ಹಾಲು ಕಮ್ಮಿ ಆಗ್ತದಂತ."

ಆಕೆ ನಿಧಾನಕ್ಕೆ ತಿರುಗಿದಳು. ನನ್ನ ಮುಖವನ್ನೇ ಭಾಳ ಹೊತ್ತು ನೋಡಿದಳು.

"ಹಂಗೇನ್ರಿ?"

"ಹೂಂ."

"ಮತ್ತ ಹೊಸ್ತಿಲದ್ದು ಹ್ಯಾಂಗ ಮಾಡ್ತಾರ್ರಿ?"

"ಕುಡಗೋಲು ಅಡ್ಡ ಇಟ್ಟು ಅದರ ಮ್ಯಾಲಿಂದ ದಾಟಸ್ತಾರ," ಅಂದೆ. ಸುಳ್ಳು ನಾಲಗೆಗೆ ಸರಾಗ ಬರತೊಡಗಿತ್ತು.

ಆಕೆ ತಟ್ಟನೆ ಎದ್ದಳು. ಕುಡುಗೋಲು ತಂದು ಹೊಸ್ತಿಲ ಮೇಲೆ ಇಟ್ಟು, ಅಂಗಳದಲ್ಲಿ ನಿಂತು ಓಣಿಗೆಲ್ಲ ಕೇಳುವ ಹಾಗೆ ಕೂಗಿ ಹೇಳಿದಳು: ಹಿಂಗಿಂಗ, ಶಹಾಬಾದದ ಕಡೆ ಪದ್ಧತಿ ಅದ ಅಂತ, ಕಾಲೇಜಿನ ಅಕ್ಕೋರೇ ಬಂದು ಹೇಳ್ಯಾರ. ನಾಲ್ಕು ಹೆಂಗಸರು ಮಳೆಗೆ ಅಡ್ಡವಾಗಿ ಪ್ಲಾಸ್ಟಿಕ್ ತಾಡಪತ್ರಿ ಹಿಡಿದು ನಿಂತರು. ಬಾಣಂತಿಯನ್ನು ಕಂಬಳಿಯಲ್ಲಿ ಸುತ್ತಿ ನಡೆಸಿದೆವು. ಕೂಸನ್ನು ಹುಡುಗಿಯ ತಾಯಿಯೇ ಸೆರಗಿನಲ್ಲಿ ಮುಚ್ಚಿಕೊಂಡಳು. ಕೆಂಡದ ಬುಟ್ಟಿ ಹಿಡಿದ ಹುಡುಗಿ ಹಿಂದೆ. ಎದುರು ಮನೆಯ ಜಿನ್ನದ ಮೆಟ್ಟಿಲ ಕೆಳಗೆ, ಹಳೆಯ ಚೀಲದ ಮೇಲೆ ಬೆಕ್ಕು ಮರಿಗಳಿಗೆ ಹಾಲು ಕೊಡುತ್ತಿತ್ತು. ನಮ್ಮ ಕಡೆ ಕಣ್ಣೆತ್ತಿಯೂ ನೋಡಲಿಲ್ಲ.

ಮರುದಿನ ಮಧ್ಯಾಹ್ನ ನಾನು ಸ್ಟಾಫ್ ರೂಮಿನಲ್ಲಿದ್ದಾಗ ಹುಡುಗಿಯ ಫೋನು ಬಂತು. "ಮೇಡಂ, ಬಿತ್ರಿ." ಅಷ್ಟೇ ಹೇಳಿದಳು. ಯಾರಿಗೂ ಏನೂ ಆಗಿರಲಿಲ್ಲ. ಹೊರಸು ಮಾತ್ರ ಮಣ್ಣಿನಡಿ ಪುಡಿಯಾಗಿತ್ತಂತೆ. ಫೋನು ಇಟ್ಟ ಮೇಲೆ ಕುರ್ಚಿಯಲ್ಲೇ ಅತ್ತೆ.

ತೊಟ್ಟಿಲ ಶಾಸ್ತ್ರ ಅಂದುಕೊಂಡ ದಿನವೇ ಎದುರು ಮನೆಯ ಪಡಸಾಲೆಯಲ್ಲಿ ನಡೆಯಿತು. ನನ್ನನ್ನೂ ಕರೆದಿದ್ದರು. ಚಿಂಚೋಳಿಯಿಂದ ಬೀಗರು ಬಂದಿದ್ದರು. ಬಿದ್ದ ಮನೆ ನೋಡಿ ಗಾಬರಿಯಾದ ಅವರಿಗೆ ತಾಯಿ ಎಲ್ಲವನ್ನೂ ಬಿಡಿಸಿ ಹೇಳಿದಳು. ಬೆಕ್ಕು ಹೋಗಿತ್ತು, ಪದ್ಧತಿ ಪ್ರಕಾರ ನಾವೂ ಬಾಣಂತಿಯನ್ನು ತಂದಿದ್ದೆವು, ಆಮೇಲಷ್ಟೇ ಮಾಳಿಗೆ ಬಿತ್ತು, ದೇವರು ದೊಡ್ಡವನು. ಬೀಗರ ಪೈಕಿ ಒಬ್ಬ ಮುದುಕಿ, "ಹೌದೌದು, ನಮ್ಮ ಕಡೀನೂ ಅದ ಈ ಪದ್ಧತಿ," ಎಂದು ತಲೆಯಾಡಿಸಿದಾಗ ನನಗೆ ನಗು ತಡೆಯುವುದೇ ಕಷ್ಟವಾಯಿತು.

ಆದರೆ ಮನಸ್ಸಿಗೆ ಕಸಿವಿಸಿ. ಬಡ ಹೆಂಗಸಿನ ನಂಬಿಕೆಯನ್ನು ಬಳಸಿಕೊಂಡು ಮೋಸ ಮಾಡಿದೆನಲ್ಲ ಎಂದು. ಊಟ ಬಡಿಸುವ ಮುಂಚೆ ಆಕೆ ಒಬ್ಬಳೇ ಒಳಗೆ ಹುಗ್ಗಿಯ ಪಾತ್ರೆ ಇಳಿಸುತ್ತಿದ್ದಾಗ ಹೋಗಿ, "ಯವ್ವಾ, ನಂದೊಂದು ತಪ್ಪಾಗ್ಯಾದ. ಆ ಪದ್ಧತಿ..." ಎಂದು ಶುರುಮಾಡಿದೆ.

"ನನ್ನ ತಂಗೀಗಿ ಶಹಾಬಾದಕ್ಕೇ ಕೊಟ್ಟೀವ್ರಿ ಅಕ್ಕೋರೆ," ಅಂದಳು ಆಕೆ, ತಲೆ ಎತ್ತದೆ. "ಮೂರೂ ಬಾಣಂತನ ನಾನೇ ಹೋಗಿ ಮಾಡೀನಿ."

ಪಾತ್ರೆಯನ್ನು ನೆಲಕ್ಕೆ ಇಳಿಸಿ ನನ್ನ ಕಡೆ ತಿರುಗಿದಳು.

"ಆ ತೊಲಿ ನನಗ ಕಾಣ್ತಿರಲಿಲ್ಲೇನ್ರಿ? ಐದು ದಿನ ಕಣ್ಣು ಮುಚ್ಚಿಲ್ಲ ನಾನು. ಸ್ವಂತ ಮಗಳಿಗೆ ಒಂದು ಕೋಣಿ ಇಲ್ಲ, ಬಾಣಂತೀಗಿ ಮಂದಿ ಮನ್ಯಾಗ ಮಲಗಿಸ್ಯಾರ ಅಂತ ಬೀಗರು ಅಂದ್ರ ಆಕಿ ಬಾಳ್ವಿ ಏನಾಗಬೇಕು? ಹೊಸ್ತಿಲ ದಾಟಲಿಕ್ಕ ನನಗೊಂದು ಮಾತು ಬೇಕಾಗಿತ್ತು. ನೀವು ಕೊಟ್ರಿ." ಸೆರಗಿನಿಂದ ಕಣ್ಣೊರೆಸಿಕೊಂಡು ಹುಗ್ಗಿಯ ಪಾತ್ರೆಯ ಒಂದು ಕಿವಿ ನನ್ನ ಕೈಗೆ ಕೊಟ್ಟಳು. "ಹಿಡೀರಿ. ಹೊರಗ ಹೋಗಿ ಮತ್ತ ಖರೇ ಹೇಳಿ ಗೀಳೀರಿ."