ಓಡುವ ಎಂಜಿನ್, ನಿಲ್ಲುವ ಎಂಜಿನ್

"ಡಾಕ್ಟರ್ ಬಾಯಾರ, ನಿಮ್ಮ ಎಂಜಿನ್ ಓಡಿ ಸತ್ತಿಲ್ರಿ. ನಿಂತು ಸತ್ತೈತಿ."

ವಿಜಾಪುರದ ಸೊಲ್ಲಾಪುರ ರಸ್ತೆಯ ಗ್ಯಾರೇಜಿನಲ್ಲಿ ಹುಸೇನಸಾಬ್ ಮಿಸ್ತ್ರಿ ಈ ತೀರ್ಪು ಕೊಟ್ಟಾಗ ನನಗೆ ಸಿಟ್ಟೇ ಬಂತು. ಸತ್ತ ಮೇಲೆ ಕಾರಣ ಹೇಳುವುದು ನನ್ನ ಕಸುಬು. ಇವನ್ಯಾರು ನನಗೆ ಹೇಳುವವನು?

ನನ್ನ ಕಾರು ನಿಮಗೆ ಗೊತ್ತು. ಸಿದ್ಧೇಶ್ವರ ಗುಡಿಯ ಹತ್ತಿರ ನನ್ನ ದವಾಖಾನೆಯ ಎದುರು ನಿಂತಿರುತ್ತದಲ್ಲ, ಎರಡೇ ಸೀಟಿನ, ನೆಲಕ್ಕೆ ಅಂಟಿಕೊಂಡಂತಿರುವ ಕೆಂಪು ಕಾರು, ಅದೇ. ಸೊಲ್ಲಾಪುರದ ಗಿರಣಿಯೊಂದರಲ್ಲಿದ್ದ ಇಂಗ್ಲಿಷ್ ಎಂಜಿನಿಯರ್ ವಿಲಾಯತಿಯಿಂದ ಪೆಟ್ಟಿಗೆಗಳಲ್ಲಿ ಬಿಡಿಭಾಗ ತರಿಸಿ, ತಾನೇ ಕೂತು ಜೋಡಿಸಿದ್ದ. ಊರಿಗೆ ಮರಳುವಾಗ ನನಗೆ ಮಾರಿ ಹೋದ. (ಲೇಡಿ ಡಾಕ್ಟರಿಗೆ ಇಂಥ ಕಾರು ಯಾಕೆ ಎಂದು ಕೇಳಿದವರಿಗೆಲ್ಲ ಆಗಲೇ ಉತ್ತರ ಕೊಟ್ಟಾಗಿದೆ. ಮತ್ತೆ ಕೇಳಬೇಡಿ.)

ಆ ಸಾಹೇಬ ಒಂದು ಕೆಲಸ ಮಾಡಿದ್ದ. ರೇಡಿಯೇಟರಿಗೆ ಗಾಳಿ ಹಾಕಿ ಎಂಜಿನ್ ತಣ್ಣಗಿಡುವ ಫ್ಯಾನು ಎಂಜಿನ್ನಿನ ಬಲ ತಿನ್ನುತ್ತದೆಂದು ಅದನ್ನು ಕಿತ್ತುಹಾಕಿದ್ದ. ಓಡುವಾಗ ಎದುರುಗಾಳಿಯೇ ಸಾಕು. ನಿಂತರೆ? ಅವನ ಊರಿನಲ್ಲಿ ಯಾರೂ ಯಾರನ್ನೂ ನಿಲ್ಲಿಸುವುದಿಲ್ಲವೋ ಏನೋ!

ನಮ್ಮಲ್ಲಿ ಹಾಗಲ್ಲ. ಪ್ರತಿ ರವಿವಾರ ಪೇಶಂಟ್ ನೋಡಲು ತಿಕೋಟಾಕ್ಕೆ ಹೋಗುತ್ತೇನೆ. ದಾರಿಯುದ್ದಕ್ಕೂ ಕೈಗಳು ಮೇಲೇಳುತ್ತವೆ. ಒಬ್ಬರು ಮಗುವಿನ ನಾಲಿಗೆ ತೋರಿಸುತ್ತಾರೆ. ಇನ್ನೊಬ್ಬರು ಸೊಸೆಯ ದೂರು ಹೇಳುತ್ತಾರೆ. ತಿಕೋಟಾ ಇನ್ನೇನು ಬಂತು ಅನ್ನುವಾಗ ತೋಟದ ಮನೆಯ ಗಂಗವ್ವ ಮೊಣಕಾಲು ಹಿಡಿದುಕೊಂಡು ನಿಂತಿರುತ್ತಾಳೆ. ವಾರವಾರವೂ ಅದೇ ಮೊಣಕಾಲು, ಅದೇ ನೋವು. ಎಂಜಿನ್ ಆರಿಸಿದರೆ ಮತ್ತೆ ಹ್ಯಾಂಡಲ್ ಹಾಕಿ ತಿರುಗಿಸಿ ತಿರುಗಿಸಿ ರಟ್ಟೆ ಬಿದ್ದುಹೋಗುತ್ತದೆ. ಹಾಗಾಗಿ ಚಾಲೂ ಇಟ್ಟೇ ಮಾತಾಡುತ್ತಿದ್ದೆ. ಹೋದ ತಿಂಗಳು ಗಂಗವ್ವನ ಎದುರಿಗೇ ಬುಸ್ಸೆಂದು ಉಗಿ ಎದ್ದು, ಎಂಜಿನ್ ಬಿರುಕು ಬಿಟ್ಟಿತು.

ಈಗ ಬದಲಿ ಎಂಜಿನ್ ಬೇಕು. ಹುಸೇನಸಾಬ್ ಎರಡು ತೋರಿಸಿದ. ಒಂದು, ಪುಣೆಯಲ್ಲಿ ಗುದ್ದಿಕೊಂಡ ರೇಸಿನ ಕಾರಿನದು. ಫ್ಯಾನಿಲ್ಲ, ಹಗುರ. ಬೆಂಚಿನ ಮೇಲಿಟ್ಟು ಚಾಲೂ ಮಾಡಿದಾಗ ಅದರ ಗುಡುಗಿಗೆ ನನ್ನ ಮೈ ಝುಮ್ಮೆಂದಿತು. ಇನ್ನೊಂದು, ಸಾಮಾನು ಸಾಗಿಸುವ ಸಣ್ಣ ವ್ಯಾನಿನ ಗಿಡ್ಡ ಎಂಜಿನ್. ಮುಂದೆ ದೊಡ್ಡ ಫ್ಯಾನು, ಗುಂಡಿ ಒತ್ತಿದರೆ ಚಾಲೂ. ಆದರೆ ವೇಗ? (ಎತ್ತಿನ ಗಾಡಿಯವರು ನನಗೆ ದಾರಿ ಬಿಡು ಎಂದಾರು.)

ರೇಸಿನ ಎಂಜಿನ್ನಿಗೇ ಫ್ಯಾನು ಕೂಡಿಸಬಾರದೇ? ಕೇಳಿದೆ. ಅದು ಉದ್ದವಂತೆ, ಕೂಡಿಸಿದರೆ ರೇಡಿಯೇಟರಿಗೂ ಅದಕ್ಕೂ ನಡುವೆ ಬೆರಳು ತೂರಲೂ ಜಾಗವಿಲ್ಲವಂತೆ. ನಂಬದೆ ನಾನೇ ದಾರ ಹಿಡಿದು ಅಳೆದೆ. ನಿಜ.

ಬಬಲೇಶ್ವರದಿಂದ ನಮ್ಮಣ್ಣ ಬಂದ. ಅಲ್ಲಿ ಅವನದು ಹಿಟ್ಟಿನ ಗಿರಣಿ. "ತಂಗಿ, ನಮ್ಮ ಗಿರಣಿ ಎಂಜಿನ್ ಕೂಡಸು. ಮುಂಜಾನಿಂದ ಸಂಜೀತನಾ ನಿಂತಲ್ಲೇ ಓಡತೈತಿ. ಒಂದಿನಾ ತಲಿ ಬಿಸಿ ಮಾಡ್ಕೊಂಡಿಲ್ಲ."

"ಅಣ್ಣಾ, ಅದು ನನ್ನ ಕಾರಿಗಿಂತ ಭಾರ ಐತಿ."

"ಹಂಗಾರ ಕಾರನ ಅದರ ಮ್ಯಾಲ ಇಡು," ಎಂದ.

ನನ್ನ ಮನಸ್ಸೆಲ್ಲ ರೇಸಿನ ಎಂಜಿನ್ನಿನ ಮೇಲೆ. ಯಾಕೆಂದು ಹೇಳಿಬಿಡುತ್ತೇನೆ. ತಿಕೋಟಾ ದಾಟಿ ಕನಮಡಿಯ ಕಡೆ ಸ್ವಲ್ಪ ದೂರ ಹೋದರೆ ರಸ್ತೆ ಖಾಲಿ. ಕೆಲಸ ಮುಗಿದ ಮೇಲೆ ಅಲ್ಲಿ ಒಂದು ಸುತ್ತು ಜೋರಾಗಿ ಓಡಿಸುತ್ತೇನೆ. ವಾರವಿಡೀ ನಾನು ಊರವರ ಡಾಕ್ಟರು. ಅಷ್ಟು ಹೊತ್ತು ಮಾತ್ರ ಯಾರಿಗೂ ಏನೂ ಅಲ್ಲ. ಆ ಸುಖ ಬಿಟ್ಟುಕೊಡಲು ನನಗೆ ಮನಸ್ಸಿಲ್ಲ.

ಆದರೆ ಆ ಎಂಜಿನ್ ಉಳಿಯಬೇಕಾದರೆ ಯಾರಿಗೂ ನಿಲ್ಲಬಾರದು. ಎತ್ತಿದ ಕೈಗಳನ್ನು ಕಂಡೂ ಮುಂದೆ ಹೋಗಬೇಕು. ಆದೀತೇ? ಯಾಕಾಗಬಾರದು? ದವಾಖಾನೆ ಇದೆಯಲ್ಲ, ಅಲ್ಲಿಗೇ ಬರಲಿ. ರೇಸಿನದೇ ಇರಲಿ ಎಂದು ಹುಸೇನಸಾಬನಿಗೆ ಹೇಳಿಬಿಟ್ಟೆ.

ಹೋದ ರವಿವಾರ ತಿಕೋಟಾಕ್ಕೆ ಬಸ್ಸಿನಲ್ಲಿ ಹೋದೆ. ಪೇಶಂಟುಗಳೆಲ್ಲ ಹೋದ ಮೇಲೆ ಗಂಗವ್ವ ಬಂದಳು. ತೋಟದಿಂದ ನಡೆದುಕೊಂಡು! ಉರಿಬಿಸಿಲಲ್ಲಿ, ಕೈಯಲ್ಲಿ ಬುತ್ತಿಗಂಟು ಹಿಡಿದು, ಸರಸರನೆ.

"ಗಂಗವ್ವಾ, ಮೊಣಕಾಲು?"

"ಅದಕ್ಕೇನ ಆಗೇತಿ ಯವ್ವಾ? ಗಟ್ಟಿ ಐತಿ."

"ಮತ್ತ ಇಷ್ಟ ದಿನಾ ಬ್ಯಾನಿ ಅಂತ ತೋರಸ್ತಿದ್ಯಲ್ಲ?"

ಗಂಗವ್ವ ಬುತ್ತಿ ಬಿಚ್ಚುತ್ತ ಹೇಳಿದಳು: "ನೀ ಒಬ್ಬಾಕಿನ ಹೊಂಟಿರ್ತಿದ್ದಿ. ಬಾಜೂಕ ಮಾತಾಡಾಕ ಒಂದು ಮನಶಾ ಇಲ್ಲ. ನೋಡಿ ಕರಳ ಚುರ್ ಅಂತಿತ್ತು. ಸುಮ್ನ ನಿಂದ್ರಂದ್ರ ಡಾಕ್ಟರು ನಿಂದ್ರತಾರೇನು? ಅದಕ ಮೊಣಕಾಲ ನೆವಾ ಮಾಡೀನಿ. ದಾರ್ಯಾಗಿನ ಮಂದಿನೂ ಹಂಗ ಅಂತಾರ. ಪಾಪ, ಡಾಕ್ಟರಬಾಯಿಗಿ ಬ್ಯಾಸರ ಆಕ್ಕೈತಿ, ಒಂದೀಟ ಮಾತಾಡಸೂಣು ಅಂತ."

ನನಗೆ ಬೇಸರವೇ? ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡೂ ಬಂತು. ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡೆ. ಶೇಂಗಾ ಹಿಂಡಿ ಚೆನ್ನಾಗಿತ್ತು.

ವಿಜಾಪುರದಲ್ಲಿ ಬಸ್ಸಿಳಿದವಳೇ ಗ್ಯಾರೇಜಿಗೆ ಹೋಗಿ, ವ್ಯಾನಿನ ಎಂಜಿನ್ನೇ ಕೂಡಿಸು ಎಂದೆ. ಕನಮಡಿ ದಾರಿಯ ಆ ಗಾಳಿ ಇನ್ನಿಲ್ಲವಲ್ಲ ಎಂದು ಸಂಕಟವೂ ಆಯಿತು.

"ಯಾಕ್ರಿ ಬಾಯಾರ, ಓಡೂದು ಬ್ಯಾಡಾತೇನ್ರಿ?" ಎಂದ ಹುಸೇನಸಾಬ್. ನಾನು ಆ ದೊಡ್ಡ ಫ್ಯಾನನ್ನು ಬೆರಳಿನಿಂದ ತಿರುಗಿಸಿ ನೋಡಿದೆ.

ಇಷ್ಟು ದಿನ ಆ ರಸ್ತೆಯಲ್ಲಿ ಯಾರು ಯಾರನ್ನು ನೋಡಿಕೊಳ್ಳುತ್ತಿದ್ದರು, ನೀವೇ ಹೇಳಿ?