ನರ್ಸಮ್ಮ ಎಲ್ಲಿಯವರೆಗೆ ಬರುತ್ತಾರೆ

ಅಧಿಕಾರ ಜನರ ಹತ್ತಿರಕ್ಕೆ ಬಂದರೆ ಅನ್ಯಾಯ ತಾನಾಗಿಯೇ ದೂರ ಸರಿಯುತ್ತದೆ ಎಂದು ಶಿವಮೊಗ್ಗದ ನಮ್ಮ ಶಾಲೆಯಲ್ಲಿ ಕಲಿಸಿದ್ದರು. ದುರ್ಗಿಗುಡಿಯ ಮನೆಯಿಂದ ಹೊರಟು ಭದ್ರಾವತಿ ಸಮೀಪದ ಹಳ್ಳಿಯೊಂದಕ್ಕೆ ನಾನು ಉಪಾಧ್ಯಾಯಿನಿಯಾಗಿ ಹೋದದ್ದು ಆ ನಂಬಿಕೆಯನ್ನು ಹೊತ್ತೇ. ಹೊಸ ಕಾನೂನಿನಂತೆ ಪಂಚಾಯಿತಿಗಳೂ ತಾಲ್ಲೂಕು ಬೋರ್ಡುಗಳೂ ಆಗಷ್ಟೇ ಚುನಾವಣೆಯಾಗಿ ಬಂದಿದ್ದವು. ಹಿಂದೆ ಶಾಲೆಯ ಹೆಂಚು ಒಡೆದರೆ ಅರ್ಜಿ ಶಿವಮೊಗ್ಗಕ್ಕೆ ಹೋಗಿ ಅಲ್ಲೇ ಮಲಗುತ್ತಿತ್ತು. ಈಗ ಚೇರ್ಮನ್ನರ ಮನೆ ಶಾಲೆಯ ಎದುರಿಗೇ ಇತ್ತು.

ಬೋರ್ಡು ಊರಿಗೆ ಒಬ್ಬ ಹೆರಿಗೆ ನರ್ಸನ್ನು ಕೊಟ್ಟಿತು. ಆಕೆ ಇರಲು ಕೋಣೆ ಒದಗಿಸಬೇಕಾದದ್ದು ಪಂಚಾಯಿತಿ. ಪಂಚಾಯಿತಿ ಬಾಡಿಗೆಗೆ ಗೊತ್ತುಮಾಡಿದ ಕೋಣೆ ಚೇರ್ಮನ್ನರದೇ ಹಿತ್ತಲಿನಲ್ಲಿತ್ತು, ಅದರ ತುಂಬ ಅವರ ಭತ್ತದ ಚೀಲಗಳು. ಹೀಗಾಗಿ ನರ್ಸಮ್ಮ ಭದ್ರಾವತಿಯಿಂದ ಬೆಳಗಿನ ಬಸ್ಸಿಗೆ ಬಂದು ಮಧ್ಯಾಹ್ನದ ಬಸ್ಸಿಗೆ ಹಿಂತಿರುಗುತ್ತಿದ್ದರು. ಹೆರಿಗೆಯ ನೋವು ಬಸ್ಸಿನ ವೇಳೆ ನೋಡಿಕೊಂಡು ಬರುವುದಿಲ್ಲ. ಜನರ ಸೇವೆಗೆಂದು ಗೊತ್ತುಮಾಡಿದ ಜಾಗದಲ್ಲಿ ಸ್ವಂತ ಭತ್ತ ಇಡುವುದು ಕಳ್ಳತನ ಎಂದು ಚೇರ್ಮನ್ನರ ಮುಖಕ್ಕೇ ಹೇಳಿದೆ. ಅವರು ನಕ್ಕು, "ಮಳೆ ಮುಗೀಲಿ ಟೀಚರಮ್ಮ, ತೆಗೆಸ್ತೀನಿ" ಎಂದರು.

ಗೌರಿಹಬ್ಬದ ದಿನ ಊರಿನ ಹೆಂಗಸರು ಅವರ ಮನೆಗೆ ಹೋದರು. ಚೇರ್ಮನ್ನರ ಹೆಂಡತಿ ಕುಂಕುಮದ ಬಟ್ಟಲು ಹಿಡಿದು ಬಂದಾಗ ಮುಂದಿದ್ದ ಹಿರಿಯಾಕೆ ಕೈ ಅಡ್ಡ ಹಿಡಿದರು.

"ಈ ಸಲ ಬೇಡ ಕಣವ್ವ."

"ಹಬ್ಬದ ದಿನ ಹಿಂಗಂತಾರಾ ಮಾರಾಯ್ತಿ? ನಾನೇನು ಮಾಡ್ದೆ?"

"ನೀನೇನೂ ಮಾಡಿಲ್ಲ. ನಿನ್ನ ಗಂಡಂಗೆ ಹೇಳು, ಭತ್ತದ ಚೀಲ ಹೆರೋದಿಲ್ಲ, ಹೆಂಗಸ್ರು ಹೆರ್ತಾರೆ ಅಂತ."

ಉಳಿದವರೂ ಬೇಡವೆಂದರು. ಗೌರಿ ಕೂತ ಮನೆಯಿಂದ ಮುತ್ತೈದೆಯರು ಬರಿಹಣೆಯಲ್ಲಿ ಹಿಂತಿರುಗುವುದನ್ನು ಯಾವ ಮನೆಯೂ ತಾಳಲಾರದು. ಮರುದಿನವೇ ಚೀಲಗಳು ಹೊರಬಿದ್ದವು, ನರ್ಸಮ್ಮ ಕೋಣೆಗೆ ಬಂದರು.

ನಾನು ಹಿಗ್ಗಿದೆ. ದೂರದ ಕಚೇರಿಯ ಸಾಹೇಬರ ಮನೆಯ ಕುಂಕುಮವನ್ನು ಬೇಡವೆನ್ನಲು ಯಾರಿಗೆ ಸಾಧ್ಯವಿತ್ತು? ಊರಾಚೆಯ ಹೊಲೆಯರ ಕೇರಿಯಲ್ಲಿ ನನ್ನ ವಿದ್ಯಾರ್ಥಿನಿಯೊಬ್ಬಳ ತಾಯಿ ತುಂಬುಬಸುರಿಯಾಗಿದ್ದಳು. ಹಿಂದಿನ ಹೆರಿಗೆಯಲ್ಲಿ ಅವಳ ಕೂಸು ಉಳಿದಿರಲಿಲ್ಲ. ಅವಳಿಗೂ ಈ ಗೆಲುವನ್ನು ಹೇಳಿದೆ. ಅವಳು ರಾಗಿ ಕೇರುತ್ತಲೇ ಕೇಳಿಸಿಕೊಂಡಳು.

"ಒಳ್ಳೇದಾಯ್ತು ಟೀಚರಮ್ಮ. ಆ ಮನೇಲಿ ನಮಗೆ ಕುಂಕುಮ ಕೊಟ್ಟಿದ್ರೆ ತಾನೆ ನಾವು ಬ್ಯಾಡ ಅನ್ನೋದು?"

ಆಮೇಲೆ ವಿಷಯ ತಿಳಿಯಿತು. ನರ್ಸಮ್ಮ ಕೇರಿಗೆ ಕಾಲಿಟ್ಟರೆ ಹಿತ್ತಲಿನ ಬಾವಿ ಮುಟ್ಟಕೂಡದೆಂದು ಚೇರ್ಮನ್ನರ ತಾಯಿ ಕಟ್ಟುಮಾಡಿದ್ದರು. ನೀರಿಲ್ಲದೆ ಬಾಳುವುದು ಹೇಗೆ? "ನಿಮ್ಮೋರನ್ನ ರಸ್ತೆವರೆಗೆ ಕರ್ಕೊಂಡು ಬನ್ನಿ, ನೋಡ್ತೀನಿ" ಎಂದು ನರ್ಸಮ್ಮ ಕೇರಿಗೆ ಹೇಳಿಕಳಿಸಿದ್ದರು. ಇದು ಅಸ್ಪೃಶ್ಯತೆ, ಕಾನೂನಿನ ಪ್ರಕಾರ ಅಪರಾಧ ಎಂದು ನಾನು ಚೇರ್ಮನ್ನರಿಗೆ ಹೇಳಿದಾಗ ಅವರು ಧ್ವನಿ ತಗ್ಗಿಸಿದರು: "ಕಾನೂನು ನಂಗೂ ಗೊತ್ತು. ನಮ್ಮಮ್ಮಂಗೆ ನೀವೇ ಹೇಳಿ ನೋಡೋಣ." ಕುಂಕುಮ ಬೇಡವೆಂದಿದ್ದ ಹೆಂಗಸರನ್ನು ಕೇಳಿದೆ. "ಅದು ಬೇರೆ ಮಾತು ಕಣ್ರೀ" ಎಂದರು. ನನಗೆ ಜ್ವರ ಬಂದಾಗ ಗಂಜಿ ತಂದುಕೊಟ್ಟವರು ಇವರೇ. ಒಳ್ಳೆಯವರು ಮಾಡಿದರೂ ತಪ್ಪು ತಪ್ಪೇ.

ಪಂಚಾಯಿತಿಯ ಸಭೆ ನಮ್ಮ ಶಾಲೆಯಲ್ಲಿ ಸೇರುತ್ತಿತ್ತು. ಅಂಥದೊಂದು ಸಭೆಯ ಮಧ್ಯಾಹ್ನ ಕೇರಿಯ ಗಾಡಿಯೊಂದು ಬಾಗಿಲಿಗೆ ಬಂದು ನಿಂತಿತು. ಒಳಗೆ ಅದೇ ಬಸುರಿ, ನೋವಿನಿಂದ ಹಲ್ಲು ಕಚ್ಚಿದ್ದಳು. ಅವಳ ಅತ್ತೆ ಕೆಳಗಿಳಿದರು.

"ರಸ್ತೆವರೆಗೆ ಬನ್ನಿ ಅಂದ್ರಿ, ಬಂದಿದೀವಿ. ರಸ್ತೆ ಮೇಲೆ ಹೆರೋಕಾಗಲ್ಲ ಸ್ವಾಮಿ. ಇಸ್ಕೂಲು ಸರ್ಕಾರದ್ದು."

ಸದಸ್ಯರು ಒಬ್ಬೊಬ್ಬರಾಗಿ ಎದ್ದು ಹೊರಗೆ ಹೋದರು. ನಾನು ಮಕ್ಕಳನ್ನು ಮನೆಗೆ ಕಳಿಸಿ ಚಾಪೆ ಹಾಸಿದೆ. ನರ್ಸಮ್ಮ ಓಡಿ ಬಂದರು. ಬಿಸಿಲು ಇಳಿಯುವ ಮೊದಲೇ ಮಗು ಅತ್ತಿತು.

ಕೆಲಸ ಮುಗಿಸಿ ನರ್ಸಮ್ಮ ಸ್ನಾನಕ್ಕೆಂದು ಹಿತ್ತಲಿಗೆ ಹೋದಾಗ ನಾನೂ ಜೊತೆಗಿದ್ದೆ. ಬಾವಿಕಟ್ಟೆಯ ಮುಂದೆ ಚೇರ್ಮನ್ನರ ತಾಯಿ ನಿಂತಿದ್ದರು.

"ಹಗ್ಗ ಮುಟ್ಟಬೇಡ."

"ಹಂಗಾದ್ರೆ ನಾಳೆಯಿಂದ ಬಸ್ಸೇ ಸರಿ ಅಮ್ಮ" ಎಂದರು ನರ್ಸಮ್ಮ.

ಒಳಗಿನಿಂದ ಸೊಸೆ, ಚೇರ್ಮನ್ನರ ಹೆಂಡತಿ, ಬಂದರು. "ಈ ಮನೇಲಿ ನೀರು ಸೇದೋಳು ನಾನು ಅತ್ತೆ, ನೀವು ಒಳಗೆ ಹೋಗಿ" ಎಂದು ಕೊಡ ಇಳಿಬಿಟ್ಟು, ಸೇದಿ, ನರ್ಸಮ್ಮನ ಕೈಗೆ ಸುರಿದರು.

ಇದನ್ನು ನ್ಯಾಯವೆಂದು ನಾನು ಕರೆಯಲಾರೆ. ಸರ್ಕಾರದ ನರ್ಸಿನ ನೀರಿನ ಹಕ್ಕು ಒಬ್ಬ ಸೊಸೆಯ ಧೈರ್ಯಕ್ಕೆ ಜೋತುಬೀಳಬಾರದಿತ್ತು. ಅದನ್ನು ತೀರ್ಮಾನಿಸಬೇಕಾದ ಪಂಚಾಯಿತಿ ಹೊರಗೆ ನೆರಳಿನಲ್ಲಿ ನಿಂತು ನೆಲ ನೋಡುತ್ತಿತ್ತು.

ಸಂಜೆ ಗಾಡಿ ಊರಿನ ನಡುಬೀದಿಯಲ್ಲೇ ಹಿಂತಿರುಗಿತು. ಪಕ್ಕದಲ್ಲಿ ನರ್ಸಮ್ಮ ನಡೆಯುತ್ತಿದ್ದರು. ಹಬ್ಬದ ದಿನ ಕುಂಕುಮಕ್ಕೆ ಕೈ ಅಡ್ಡ ಹಿಡಿದಿದ್ದ ಹಿರಿಯಾಕೆ ತಮ್ಮ ಜಗಲಿಯಿಂದ ಕೂಗಿ ಕೇಳಿದರು:

"ಏನು ಮಗು?"

"ಹೆಣ್ಣು" ಎಂದಳು ಗಾಡಿಯೊಳಗಿನ ಬಾಣಂತಿ.

"ಅಳ್ತಾಳಾ ಚೆನ್ನಾಗಿ?"

"ಊರಿಗೆಲ್ಲ ಕೇಳೋ ಹಂಗೆ."

ಗಾಡಿ ರಸ್ತೆ ಬಿಟ್ಟು ಕೇರಿಯ ಕಡೆ ತಿರುಗಿತು. ನರ್ಸಮ್ಮ ಸೀರೆ ಎತ್ತಿ ಹಿಡಿದು ಕೆಸರಿಗಿಳಿದರು.