ಅವ್ವನ ಕೈಗೆ ಎಟುಕುವಷ್ಟು ಸುಣ್ಣ

ಮನೆಗೆ ಸುಣ್ಣಬಣ್ಣ ಆಗಬೇಕಾದ ಕಾಲ ಬಂದಿದೆ ಎಂಬುದು ಊರಿಗೆಲ್ಲ ತಿಳಿದ ಮೇಲೆ ಮನೆಯ ಯಜಮಾನನಿಗೆ ತಿಳಿಯುತ್ತದೆ. ಗೋಡೆ ಒಂದೇ ದಿನದಲ್ಲಿ ಕಪ್ಪಾಗುವುದಿಲ್ಲ. ದಿನಕ್ಕಿಷ್ಟರಂತೆ ನಮ್ಮ ಕಣ್ಣನ್ನೂ ಪಳಗಿಸಿಕೊಂಡು ಕಪ್ಪಾಗುತ್ತದೆ. ನನಗಂತೂ ನನ್ನ ಮನೆಯ ಗೋಡೆ, ನನ್ನ ಮುಖದ ಹಾಗೆ, ಸದಾ ಸುಸ್ಥಿತಿಯಲ್ಲೇ ಇದೆಯೆಂಬ ಭಾವನೆಯಿತ್ತು.

ತೊಂಬತ್ತರ ದಶಕದ ಕೊನೆಯ ವರ್ಷಗಳು. ನಂಜನಗೂಡಿನಲ್ಲಿ ನಮ್ಮದು ಮೂರು ಕೋಣೆಯ ಹೆಂಚಿನ ಮನೆ. ನನ್ನ ನೌಕರಿ ತಿ. ನರಸೀಪುರದ ಒಂದು ಸರ್ಕಾರಿ ಕಚೇರಿಯಲ್ಲಿ. ಬೆಳಿಗ್ಗೆ ಬಸ್ಸು ಹತ್ತಿ ಹೋಗಿ, ಬಂದ ಅರ್ಜಿಗಳ ಮೇಲೆ ‘ಕ್ರಮ ಕೈಗೊಳ್ಳಲಾಗುತ್ತಿದೆ’ ಎಂದು ಬರೆದು, ಸಂಜೆ ಬಸ್ಸು ಹತ್ತಿ ವಾಪಸಾಗುತ್ತಿದ್ದೆ. ಆ ವಾಕ್ಯದ ಮಹಿಮೆಯೆಂದರೆ, ಅದನ್ನು ಬರೆದಾದ ಮೇಲೆ ಯಾವ ಕ್ರಮವನ್ನೂ ಕೈಗೊಳ್ಳಬೇಕಾಗಿಲ್ಲ.

ಮನೆಯಲ್ಲಿ ಹೆಂಡತಿ ರತ್ನ ಮತ್ತು ಅವ್ವ. ನಮ್ಮೂರು ಹೆಡತಲೆಯಲ್ಲಿದ್ದಾಗ ಅವ್ವ ಪ್ರತಿ ಯುಗಾದಿಗೂ ಸೀರೆ ಎತ್ತಿಕಟ್ಟಿ, ಏಣಿ ಹತ್ತಿ, ಇಡೀ ಮನೆಗೆ ತಾನೇ ಸುಣ್ಣ ಹೊಡೆಯುತ್ತಿದ್ದವಳು. ಕಣ್ಣಿಗೆ ಪೊರೆ ಬಂದು ಎದುರಿಗಿದ್ದವರು ನೆರಳಿನಂತೆ ಕಾಣತೊಡಗಿದ ಮೇಲೆ ನಮ್ಮಲ್ಲಿಗೆ ಬಂದಳು. ಬಂದ ವರ್ಷವೇ, ಹಬ್ಬಕ್ಕೆ ಹದಿನೈದು ದಿನವಿರುವಾಗ ಕೇಳಿದಳು: “ಸುಣ್ಣ ಒಡುಸ್ದ್ಯಾ ಮಗಾ?”

“ಈ ವಾರ ಒಡುಸ್ತೀನಿ ಕಣವ್ವ.”

ಸುಣ್ಣಕ್ಕಿಂತ ನಾನು ಹೆದರುತ್ತಿದ್ದುದು ಬೀರು ಸರಿಸುವುದಕ್ಕೆ, ರಾಗಿ ಡ್ರಮ್ಮು ಉರುಳಿಸುವುದಕ್ಕೆ. ಹಾಗೆ ವಾರಗಳು ಕಳೆದು, ಹಬ್ಬದ ಹಿಂದಿನ ದಿನ ಅವ್ವ ಮತ್ತೆ ಕೇಳಿದಾಗ ಕಚೇರಿಯ ಬುದ್ಧಿ ಕೆಲಸ ಮಾಡಿತು. ಒಂದು ಬಕೆಟ್ಟಿನಲ್ಲಿ ಸುಣ್ಣ ಕದಡಿ, ಅವಳು ಹಿತ್ತಲಿಗೆ ಹೋಗಿದ್ದಾಗ, ಮಂಚದ ಪಕ್ಕದ ಗೋಡೆಗೆ ಅವಳ ಕೈ ಎಟುಕುವಷ್ಟು ಜಾಗಕ್ಕೆ ಮಾತ್ರ ಬಳಿದೆ. ಅವ್ವ ಬಂದು ಕೂತು ಗೋಡೆ ಸವರಿದಳು. ಬೆರಳಿಗೆ ಹತ್ತಿದ ಸುಣ್ಣವನ್ನು ಮೂಸಿದಳು. “ಈಗ ಮನೆ ಅನ್ನುಸ್ತು ಕಣಪ್ಪ,” ಎಂದಳು.

ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದ್ದ ರತ್ನ, “ನಿಮ್ಮಂತೋರು ಆಫೀಸ್ನಲ್ಲಿರೋದೇ ಸರಿ,” ಎಂದಷ್ಟೇ ಹೇಳಿ ಒಳಗೆ ಹೋದಳು. ಮರುವರ್ಷವೂ ಇದೇ ವಿಧಿ ಯಥಾವತ್ತಾಗಿ ನೆರವೇರಿತು.

ಅದೇ ವರ್ಷ ದೀಪಾವಳಿ ಕಳೆದ ಮೇಲೆ ಮೈಸೂರಿನಲ್ಲಿ ಅವ್ವನ ಕಣ್ಣಿನ ಆಪರೇಷನ್ ಆಯಿತು. ಡಾಕ್ಟರು, ನಲವತ್ತು ದಿನ ಕಣ್ಣಿಗೆ ಧೂಳು ಸೋಕಬಾರದು, ಆಮೇಲೆ ಕನ್ನಡಕ ಕೊಡುತ್ತೇವೆ ಎಂದಾಗಲೇ ನನಗೆ ಗೋಡೆ ನೆನಪಾದದ್ದು. ಮೊದಲೇ ಹೊಡೆಸಲು ಮರೆತಿದ್ದೆ, ಈಗ ಹೊಡೆಸುವಂತಿರಲಿಲ್ಲ.

ಕನ್ನಡಕ ಬಂದ ದಿನ ರತ್ನ ಅದನ್ನು ಅವ್ವನ ಕಿವಿಗೆ ಸಿಕ್ಕಿಸಿದಳು. ದಪ್ಪ ಗಾಜಿನ ಹಿಂದೆ ಅವ್ವನ ಕಣ್ಣು ದೊಡ್ಡದಾಗಿ ಅರಳಿತು. ಮೊದಲು ಸೊಸೆಯನ್ನು ನೋಡಿ, “ಎಷ್ಟು ಸೊರಗೋಗಿದ್ದೀಯವ್ವ,” ಎಂದು ಅವಳ ಕೆನ್ನೆ ಸವರಿದಳು. ಆಮೇಲೆ ನನ್ನನ್ನು ನೋಡಿ, “ತಲೆ ಬೆಳ್ಗಾಗೋಗದಲ್ಲೋ,” ಎಂದಳು. ಆ ಮನೆಯಲ್ಲಿ ಬೆಳ್ಳಗಾಗಿದ್ದುದು ಅದೊಂದೇ.

ಆಮೇಲೆ ಗೋಡೆ. ಹೊಗೆ ಹಿಡಿದ ಮೂಲೆಗಳು, ತಲೆಯೆಣ್ಣೆಯ ಕಲೆಗಳು, ಮಂಚದ ಪಕ್ಕದಲ್ಲಿ ಮೊರದಗಲದ ಒಂದು ಬಿಳುಪು. ಅವ್ವ ಮಂಚದ ಮೇಲೆ ಕೂತು ತೋಳು ಚಾಚಿದಳು. ಅವಳ ಬೆರಳ ತುದಿ ಆ ಬಿಳುಪಿನ ಅಂಚಿಗೆ ಸರಿಯಾಗಿ ಹೋಗಿ ನಿಂತಿತು.

“ನನ್ ಕೈ ಎಷ್ಟುದ್ದ ಅಂತ ಚೆಂದಾಗಿ ಅಳ್ದಿದ್ದೀಯ,” ಎಂದಳು.

ಬೈದಿದ್ದರೆ ಸಮಜಾಯಿಷಿ ಸಿದ್ಧವಿತ್ತು. ಅವಳು ಬೈಯಲಿಲ್ಲ. ಸಂಜೆ ನನಗೆ ಕೇಳುವಂತೆ ರತ್ನನಿಗೆ ಹೇಳಿದಳು: “ತಗಡೂರಿಂದ ಪುಟ್ಟಿ ಬಂದಾಗ್ಲೆಲ್ಲ ಏಳ್ತಿದ್ದೆ, ನನ್ ಮಗ ವರ್ಸ ವರ್ಸ ಸುಣ್ಣ ಒಡುಸ್ತಾನೆ ಅಂತ. ಅವ್ಳು ಈ ಗೋಡೆ ನೋಡ್ಕಂಡೇ ಊಂ ಅಂತಿದ್ಲಲ್ಲವ್ವ. ನನ್ಗೆ ಕಣ್ ಜೊತೆ ಬುದ್ಧೀನೂ ಓಯ್ತು ಅಂದ್ಕಂಡಿರ್ತಾಳೆ.”

ಪುಟ್ಟಿ ಎಂದರೆ ಅವ್ವನ ತಂಗಿ, ನನ್ನ ಚಿಕ್ಕವ್ವ. ನನ್ನ ಸುಳ್ಳು ನನ್ನಲ್ಲೇ ಉಳಿದಿದೆಯೆಂದು ನಾನು ತಿಳಿದಿದ್ದೆ. ಅದನ್ನು ಎರಡು ವರ್ಷ ಅವ್ವ ತನ್ನ ಬಾಯಿಂದ, ಹೆಮ್ಮೆಯಿಂದ, ಒಡಹುಟ್ಟಿದವಳ ಮುಂದೆ ಆಡಿದ್ದಳು.

ಬೆಳಿಗ್ಗೆ ಎದ್ದಾಗ ಅವ್ವ ಬೀರುವಿನ ಬಟ್ಟೆಯನ್ನೆಲ್ಲ ತೆಗೆದು ಮಂಚದ ಮೇಲೆ ರಾಶಿ ಹಾಕಿದ್ದಳು. ಆಳು ಕರೆತರುತ್ತೇನೆಂದೆ. “ಆಳು ಬ್ಯಾಡ. ನೀನೇ ಒಡಿ,” ಎಂದಳು. ‘ಅನಿವಾರ್ಯ ಕಾರಣ’ವೆಂದು ಬರೆದು ಮೂರು ದಿನ ರಜೆ ಹಾಕಿದೆ, ನನ್ನ ಸೇವಾವಧಿಯಲ್ಲಿ ಆ ಪದ ಮೊದಲ ಬಾರಿಗೆ ನಿಜವಾಗಿತ್ತು.

ಸುಣ್ಣ ಕಣ್ಣಿಗೆ ಸಿಡಿಯದಂತೆ ಅವ್ವ ಹೊರಗೆ ಜಗಲಿಯ ಮೇಲೆ ಕೂತಳು. ಗಂಟೆಗೊಮ್ಮೆ ಹೊಸ್ತಿಲವರೆಗೆ ಬಂದು, ಕತ್ತೆತ್ತಿ ತಪಾಸಣೆ.

“ತೊಲೆ ಸಂದೀಲಿ ಬಿಟ್ಟಿದ್ದೀಯ.”

“ಅಲ್ಯಾರು ನೋಡ್ತಾರವ್ವ?”

“ನಾನ್ ನೋಡ್ತೀನಿ.”

ಏಣಿ ಹತ್ತಿ ತೊಲೆ ಸಂದಿಗೆ ಹೊಡೆದೆ. ಎರಡನೆಯ ದಿನ ಮಧ್ಯಾಹ್ನದ ಹೊತ್ತಿಗೆ ನನಗೂ ಹಠ ಹಿಡಿಯಿತು. ಯಾರೂ ಕೇಳದಿದ್ದರೂ, ಮೂರನೆಯ ದಿನ ಬೀರುವಿನ ಹಿಂದಿನ, ಯಾರ ಕಣ್ಣಿಗೂ ಬೀಳದ ಗೋಡೆಗೂ ಇನ್ನೊಂದು ಸಲ ಹೊಡೆದೆ. ಸುಣ್ಣಕ್ಕೆ ಬೆರಳು ಬಿರಿದು, ಸಾರಿಗೆ ಕೈ ಹಾಕಿದರೆ ಉರಿಯುತ್ತಿತ್ತು. ರತ್ನ ಕೊಬ್ಬರಿ ಎಣ್ಣೆ ಹಚ್ಚುತ್ತ, ಬಹಳ ದಿನಗಳ ಮೇಲೆ ನನ್ನನ್ನು ನೋಡಿ ನಕ್ಕಳು.

ಭಾನುವಾರ ಅವ್ವ ನನ್ನನ್ನೇ ತಗಡೂರಿಗೆ ಕಳಿಸಿ ಚಿಕ್ಕವ್ವನನ್ನು ಕರೆಸಿಕೊಂಡಳು. ಕೈ ಹಿಡಿದು ಮೂರು ಕೋಣೆಗೂ ಸುತ್ತಿಸಿದಳು.

“ಚೆಂದಾಗದೆ ಕಣಕ್ಕ,” ಎಂದಳು ಚಿಕ್ಕವ್ವ.

“ಮೊದ್ಲು ನಾನೇಳ್ದಾಗ ಒಡ್ದಿರ್ಲಿಲ್ಲ ಕಣೆ. ಕಾಣ್ದೆ ಏಳ್ಬುಟ್ಟೆ. ಈಗ ಕಂಡು ಏಳ್ತಾ ಇವ್ನಿ.”

ನನ್ನ ಹೆಸರು ಎತ್ತಲಿಲ್ಲ. ನಾನಿದ್ದ ಕಡೆಗೆ ತಿರುಗಿಯೂ ನೋಡಲಿಲ್ಲ. ತಪ್ಪನ್ನೆಲ್ಲ ತನ್ನ ಕಣ್ಣಿನ ಮೇಲೆ ಹಾಕಿಕೊಂಡು ಮುಗಿಸಿದಳು. ಬಾಗಿಲ ಮರೆಯಲ್ಲಿ ನಿಂತಿದ್ದ ನನಗೆ ತಲೆ ಎತ್ತಲಾಗಲಿಲ್ಲ.

ಚಿಕ್ಕವ್ವ ಗೋಡೆ ಮುಟ್ಟಿ ನೋಡಿ ಕೇಳಿದಳು: “ಯಾರ್ ಕೈಲಿ ಒಡುಸ್ದೆ? ನಮ್ಮನೇದೂ ಅಂಗೇ ಬಿದ್ದದೆ. ಆಳು ಸಿಕ್ತಿಲ್ಲ.”

“ಆಳಲ್ಲ, ಇವ್ನೇ ಒಡ್ದವ್ನೆ. ಮುಂದಿನ್ವಾರ ಕಳುಸ್ತೀನಿ ತಕ,” ಎಂದಳು ಅವ್ವ, ನನ್ನನ್ನು ಒಂದು ಮಾತೂ ಕೇಳದೆ.

ಹೋದೆ. ಚಿಕ್ಕವ್ವನ ಮನೆಯಲ್ಲಿ ಐದು ಕೋಣೆ.